ಚಕ್ ಬೇರಿ, ೧೯೭೨

"ಸೋತ ಯುದ್ಧ ಒಂದೂ ಬೇಡ್ರೀ. ಪಾರ್ಕಲ್ಲಿ ಮಕ್ಕಳು ಆಡ್ತಾವೆ," ಎಂದರು ಮುನಿರಾಜಪ್ಪ.

ಮಕ್ಕಳು ಆ ಪಾರ್ಕಿನಲ್ಲಿ ಆಡಕೂಡದೆಂದು ಬೋರ್ಡು ಹಾಕಿಸಿದವರೂ ಅವರೇ. ಸುರಭಿ ಬಡಾವಣೆಯ ನಿವಾಸಿಗಳ ಸಂಘಕ್ಕೆ ಸತತ ನಾಲ್ಕನೇ ಸಲ ಅಧ್ಯಕ್ಷರು. ಅದಕ್ಕೂ ಮುಂಚೆ ಒಂದು ವಿಮಾ ಕಂಪನಿಯ ಕ್ಲೈಮ್ ವಿಭಾಗದಲ್ಲಿ ಮೂವತ್ತಾರು ವರ್ಷ ಕೂತು, ಸತ್ತವರು ನಿಜವಾಗಿಯೂ ಸತ್ತಿದ್ದಾರೆಯೇ, ಸತ್ತಿದ್ದರೂ ನಿಯಮದ ಪ್ರಕಾರವೇ ಸತ್ತಿದ್ದಾರೆಯೇ ಎಂದು ಪರಿಶೀಲಿಸಿ ನಿವೃತ್ತರಾದವರು.

ಜೀವನ್ ಬಿಮಾ ನಗರದ ಬೆನ್ನಿಗೆ ಅಂಟಿಕೊಂಡಿರುವ ಈ ಬಡಾವಣೆಯ ಪಾರ್ಕು ದೊಡ್ಡದೇನಲ್ಲ. ಮೂವತ್ತು ನಲವತ್ತರ ಆರು ಸೈಟು ಜೋಡಿಸಿದಷ್ಟು. ಕಳೆದ ಆಗಸ್ಟಿನಲ್ಲಿ ಪಕ್ಕದ ಬಡಾವಣೆಯವರು ತಮ್ಮ ಪಾರ್ಕಿನಲ್ಲಿ ಧ್ವಜಸ್ತಂಭ ನಿಲ್ಲಿಸಿಬಿಟ್ಟಿದ್ದರು. ಅದಕ್ಕೆ ಉತ್ತರ ಕೊಡದೆ ಸುಮ್ಮನಿರುವಷ್ಟು ದೇಶಭಕ್ತಿಯ ಕೊರತೆ ಸುರಭಿಯವರಿಗೆ ಇರಲಿಲ್ಲ. ಜನವರಿ ಇಪ್ಪತ್ತಾರಕ್ಕೆ ಇಲ್ಲಿ ಒಂದು ಸ್ಮಾರಕ ಏಳಬೇಕು. ಹೆಸರೂ ಗೊತ್ತಾಗಿತ್ತು: ರಾಷ್ಟ್ರೀಯ ಸಮರ ಸ್ಮಾರಕ, ಸುರಭಿ ಬಡಾವಣೆ, ಎರಡನೇ ಹಂತ. ಆರಡಿ ಎತ್ತರದ ಕರಿಕಲ್ಲು, ಅದರ ಮೇಲೆ ನಮ್ಮ ಸೈನಿಕರು ಕಾದಿದ ಕದನಗಳ ಪಟ್ಟಿ.

ಪಟ್ಟಿ ಬರೆದು ತಂದವರು ಮೆಹರುನ್ನೀಸಾ ಮೇಡಂ. ಶಿವಾಜಿನಗರದ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ, ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದು ಇಲ್ಲಿ ನೆಲೆಸಿದವರು. ಬಡಾವಣೆಯಲ್ಲಿ ಇತಿಹಾಸ ಓದಿದವರು ಅವರೊಬ್ಬರೇ ಆದ್ದರಿಂದ ಅವರ ಪಟ್ಟಿಯನ್ನು ತಿದ್ದುವ ಹಕ್ಕು ಉಳಿದವರಿಗೆಲ್ಲ ಇತ್ತು.

"ರೆಜಾಂಗ್ ಲಾ ಸೋತಿದ್ದು ಅಂತ ಹೆಂಗ್ ಹೇಳ್ತೀರ ಸಾಬ್? ಗುಂಡು ಮುಗಿಯೋ ತನಕ ನಿಂತ್ರು. ನೂರಕ್ಕೂ ಮೇಲೆ ಜನ ಅಲ್ಲೇ ಸತ್ರು."

"ಸತ್ತಿದ್ದನ್ನ ನಾನು ಒಪ್ಕೊಳ್ತೀನಿ ಮೇಡಂ. ಆದ್ರೆ ಅರವತ್ತೆರಡು ಒಟ್ಟಾರೆ ನಷ್ಟದ ವರ್ಷ. ಒಂದನ್ನ ಅಡ್ಮಿಟ್ ಮಾಡಿದ್ರೆ ಎಲ್ಲಾನೂ ಮಾಡ್ಬೇಕಾಗುತ್ತೆ."

"ನೆಗೆಟಿವ್ ವೈಬ್ಸ್ ಬೇರೆ," ಎಂದಳು ನಂದಿತಾ. ಸಂಘದ ಕಾರ್ಯದರ್ಶಿ. ಕಂಪನಿಗಳ ಸಮಾರಂಭಗಳನ್ನು ಏರ್ಪಾಟು ಮಾಡಿಕೊಡುವುದು ಅವಳ ಕೆಲಸ. ಅವಳ ಕೈಯಲ್ಲಿ ಮದುವೆಯೂ ಒಂದೇ, ಟೈಲ್ಸ್ ಬಿಡುಗಡೆಯೂ ಒಂದೇ, ಹುತಾತ್ಮರೂ ಒಂದೇ. "ಮತ್ತೆ ಇಸ್ರೇಲಿನ ಈ ಹೈಫಾ ಕೂಡ ತೆಗೀರಿ ಮೇಡಂ. ಈಗ ತುಂಬಾ ಸೆನ್ಸಿಟಿವ್. ಗ್ರೂಪಲ್ಲಿ ಜಗಳ ಆಗುತ್ತೆ."

"ಅರೆ, ಮೈಸೂರು ಕುದುರೆ ಪಡೆಯವರು ಅಲ್ಲಿ ಹೋಗಿದ್ದು ನೂರು ವರ್ಷದ ಹಿಂದೆ ರೀ!"

"ಗ್ರೂಪ್ ಈಗ ಇದೆಯಲ್ಲಾ ಮೇಡಂ."

ಹೀಗೆ ಇಪ್ಪತ್ತೆರಡು ಕದನಗಳಲ್ಲಿ ಹದಿನಾಲ್ಕು, ಸಿಮೆಂಟ್ ಬೆಂಚಿನ ಮೇಲೆಯೇ, ಒಂದು ಫ್ಲಾಸ್ಕ್ ಕಾಫಿ ಮುಗಿಯುವುದರೊಳಗೆ ಮಣ್ಣುಮುಕ್ಕಿದವು. ಎಂಟು ಉಳಿದವು. ಕೈಯಲ್ಲಿ ಟೇಪು ಹಿಡಿದು ನಿಂತಿದ್ದ ಹಂಪಣ್ಣ ಕೇಳಿದ, "ಕೆಳಗ ಎಷ್ಟು ಹೆಸರು ಬರ್ತಾವ್ರೀ?"

ಹಂಪಣ್ಣ ಕುಷ್ಟಗಿ ಕಡೆಯವನು. ಇಪ್ಪತ್ತೆರಡು ವರ್ಷದಿಂದ ಹಲಸೂರಿನಲ್ಲಿ ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಾನೆ.

"ಪದಾಧಿಕಾರಿಗಳು ಹನ್ನೊಂದು. ಅದರ ಮೇಲೆ ಮುಖ್ಯ ಅತಿಥಿಗಳದ್ದು, ಸ್ವಲ್ಪ ದಪ್ಪಕ್ಷರದಲ್ಲಿ," ಎಂದರು ಮುನಿರಾಜಪ್ಪ.

ಕದನ ಎಂಟು, ಪದಾಧಿಕಾರಿಗಳು ಹನ್ನೊಂದು. ಹಂಪಣ್ಣ ಚೀಟಿಯಲ್ಲಿ ಗುರುತು ಹಾಕಿಕೊಂಡ. ಅವನಿಗೆ ಇದೇನೂ ಹೊಸದಲ್ಲ.

ಆಗಲೇ ಗೇಟು ತಳ್ಳಿಕೊಂಡು ಮುನಿಲಕ್ಷ್ಮಮ್ಮ ಬಂದದ್ದು. ಬಡಾವಣೆಯ ಹಿಂದಿನ ಹಳೇ ಊರಿನ ಗಲ್ಲಿಯಾಕೆ, ಎಪ್ಪತ್ತೈದರ ಹತ್ತಿರ. ಈ ಪಾರ್ಕು ಇರುವ ಜಾಗದಲ್ಲಿ ಅವಳ ಮಾವ ರಾಗಿ ಬೆಳೆಯುತ್ತಿದ್ದ. ಈಗ ಅವಳ ಮನೆ ಬಡಾವಣೆಯ ಗೋಡೆಯಿಂದ ಹನ್ನೆರಡು ಅಡಿ ಆಚೆ ಇರುವುದರಿಂದ ಅವಳು ನಿವಾಸಿಯಲ್ಲ. ಆದರೆ ಸುತ್ತ ಎರಡು ಮೈಲಿಯಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು ಅವಳೊಬ್ಬಳೇ ಎಂದು ನಂದಿತಾ ಪತ್ತೆ ಹಚ್ಚಿದ್ದಳು. ದೀಪ ಬೆಳಗಿಸಲು 'ವೀರನಾರಿ' ಸಿಕ್ಕಿದ್ದು ಸಂಘಕ್ಕೆ ಲಾಟರಿ ಹೊಡೆದ ಹಾಗಾಗಿತ್ತು.

"ಎಂಟು ಬರುಸ್ತಿದ್ದೀರಂತೆ ಸ್ವಾಮಿ. ಇನ್ನೊಂದು ಆಕಿ. ಚಕ್ ಬೇರಿ ಅಂತ."

ಮೂವರೂ ಮುಖ ನೋಡಿಕೊಂಡರು. ಮೇಡಂ ತಮ್ಮ ಪಟ್ಟಿ ತಿರುಗಿಸಿ ನೋಡಿದರು. ಇರಲಿಲ್ಲ.

"ನಮ್ಮೋರು ಓಗಿದ್ದು ಅಲ್ಲೇಯ. ಚಿಕ್ಕಮುನಿಯಪ್ಪ ಅಂತ. ಇಲ್ಲೇ ಹಲಸೂರ್ ಮಿಲಿಟ್ರೀಲಿ ಸೇರ್ಕೊಂಡಿದ್ರು, ಸ್ಯಾಪರ್ರು. ನೆಲದಾಗೆ ಊತಿರೋ ಬಾಂಬು ತೆಗ್ಯೋ ಕೆಲ್ಸ."

"ಇಸವಿ?" ಎಂದರು ಮುನಿರಾಜಪ್ಪ, ಮೂವತ್ತಾರು ವರ್ಷದ ದನಿಯಲ್ಲಿ.

"ಎಪ್ಪತ್ತೆರಡು. ಫೆಬ್ರವರಿ ಆರು."

"ಎಪ್ಪತ್ತೊಂದರ ಡಿಸೆಂಬರ್ ಹದಿನೇಳಕ್ಕೇ ಯುದ್ಧ ಮುಗಿದೋಯ್ತಲ್ಲಮ್ಮ."

"ಊಂ ಸ್ವಾಮಿ. ಮುಗುದ್ಮೇಲೇ ಓಗಿದ್ದು."

"ಹಂಗಾದ್ರೆ ಅವಧಿ ಮೀರಿದೆ." ಅವರ ದನಿಯಲ್ಲಿ ಕನಿಕರವೂ ಇತ್ತು, ಅದು ಅವರ ಹಳೆಯ ಕಚೇರಿಯಲ್ಲಿ ಕೊಡುತ್ತಿದ್ದ ಮುದ್ರಿತ ಕನಿಕರ. "ನೋಡಿಮ್ಮಾ, ನಿಮ್ಮೆಜಮಾನ್ರು ತೀರ್ಕೊಂಡಿದ್ದಾರೆ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಯುದ್ಧದ ಅವಧಿ ಮುಗಿದ ಐವತ್ತೊಂದನೇ ದಿನ. ಇದು ಕದನದ ಕೆಳಗೆ ಬರಲ್ಲ. ಪಟ್ಟೀಲಿ ಬಸಂತರ್ ಇದೆ, ಆ ಯುದ್ಧದಲ್ಲಿ ಅದೇ ಕಡೇದು. ಅದರಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ."

"ಬಸಂತರ್‌ನಾಗೆ ಅವ್ರು ಸಾಯ್ಲಿಲ್ಲ ಸ್ವಾಮಿ. ಅಲ್ಲಿ ಗೆದ್ಕಂಡು ಬಂದು ಕಾಗ್ದ ಬರುದ್ರು. ಯುದ್ಧ ಮುಗೀತು, ಇನ್ನು ಒಲ ಕಿಲೀನ್ ಮಾಡೋದೊಂದೇ ಬಾಕಿ, ಯುಗಾದಿಗೆ ಬತ್ತೀನಿ ಅಂತ. ಬದುಕಿರೋ ಜಾಗದಾಗೆ ಸಾಯ್ಸಿದ್ರೆ ಎಂಗೆ?"

ನಂದಿತಾ ಅಷ್ಟರಲ್ಲಿ ಫೋನಿನಲ್ಲಿ ಹುಡುಕಿದ್ದಳು. "ಅಜ್ಜೀ, ಇದು ಪಾಕಿಸ್ತಾನದಲ್ಲಿದೆ! ಆಗ ನಾವು ತಗೊಂಡಿದ್ವಿ, ಆಮೇಲೆ ವಾಪಸ್ ಕೊಟ್ಬಿಟ್ವಿ. ನಮ್ಮ ಪಾರ್ಕಲ್ಲಿ ಪಾಕಿಸ್ತಾನದ ಊರಿನ ಹೆಸ್ರು ಹಾಕಿದ್ರೆ ಟ್ರೋಲ್ ಆಗ್ತೀವಿ."

ಮೆಹರುನ್ನೀಸಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಹೇಳಿದ್ರೆ ಬೇರೆ ಥರ ಕೇಳ್ಸುತ್ತೆ. ನೀವೇ ಮ್ಯಾಪ್ ನೋಡಿ. ಬಸಂತರ್ ಎಲ್ಲಿದೆ? ಡೋಗ್ರಾಯ್ ಎಲ್ಲಿದೆ? ಲಾಹೋರಿನ ಬಾಗಿಲಲ್ಲಿದೆ."

ನಂದಿತಾ ಮ್ಯಾಪ್ ನೋಡಿದಳು. ಫೋನನ್ನು ಮಗುಚಿ ಬೆಂಚಿನ ಮೇಲಿಟ್ಟಳು. "ಅವು ಫೇಮಸ್ ಮೇಡಂ," ಎಂದಳು.

ಕೊನೆಗೆ ಮುನಿರಾಜಪ್ಪ ಎದ್ದು ನಿಂತರು. "ಅಮ್ಮಾ, ನಿಮಗೆ ಶಾಲು ಇದೆ, ಹಾರ ಇದೆ, ಹಣ್ಣಿನ ಬುಟ್ಟಿ ಇದೆ. ಮೊದಲನೇ ಸಾಲಲ್ಲಿ ಕುರ್ಚಿ. ಕಲ್ಲಿನ ವಿಷಯ ನಮಗೆ ಬಿಡಿ."

"ಸೀರೆ ಮಾತ್ರ ಆಫ್ ವೈಟ್ ಇರ್ಲಿ ಅಜ್ಜೀ," ಎಂದಳು ನಂದಿತಾ. "ಫೋಟೋದಲ್ಲಿ ಚೆನ್ನಾಗ್ ಬರುತ್ತೆ."

ಮೂರನೆಯ ದಿನ ಮುನಿಲಕ್ಷ್ಮಮ್ಮ ಬಸ್ಸು ಹತ್ತಿ ಹಲಸೂರಿಗೆ ಬಂದು, ದೇವಸ್ಥಾನದ ಬೀದಿಯಲ್ಲಿ ಎರಡು ಕಡೆ ವಿಚಾರಿಸಿ, ಹಂಪಣ್ಣನ ಶೆಡ್ಡು ಹುಡುಕಿದಳು. ಅವನು ಕರಿಕಲ್ಲಿನ ಮೇಲೆ ಬಗ್ಗಿ ಕುಳಿತಿದ್ದ. ಮೊದಲು ಬಿಳಿ ಬಣ್ಣದಲ್ಲಿ ಅಕ್ಷರ ಬರೆಯುತ್ತಾನೆ; ಗಿರಾಕಿ ಬಂದು ನೋಡಿ ಸಹಿ ಹಾಕಿದ ಮೇಲೆಯೇ ಉಳಿ ಹಿಡಿಯುತ್ತಾನೆ. ಬಣ್ಣವನ್ನು ಬಟ್ಟೆಯಿಂದ ಒರೆಸಬಹುದು. ಉಳಿ ಬಿದ್ದ ಮೇಲೆ ಯಾರಪ್ಪನ ಕೈಯಲ್ಲೂ ಏನೂ ಆಗುವುದಿಲ್ಲ.

"ಬರ್ರಿ ಯವ್ವಾ. ಅಲ್ಲಿ ಮಾತು ಕೇಳಿದೆ. ನನ್ನ ಕೈಯಾಗ ಏನೂ ಇಲ್ಲ. ಅವರು ಬರ್ಕೊಟ್ಟಿದ್ದು ನಾ ಕೊರೀತೀನಿ, ಅಷ್ಟ."

"ನಿನ್ನ ಕೈಯಾಗಲ್ದೆ ಇನ್ಯಾರ್ ಕೈಯಾಗೈತಪ್ಪ? ಉಳಿ ಅವ್ರು ಇಡೀತಾರಾ?"

ಹಂಪಣ್ಣ ನಕ್ಕು, ಮೂಲೆಯಲ್ಲಿದ್ದ ಸ್ಟೂಲು ಎಳೆದು ಕೊಟ್ಟ. "ಗಂಡನ ಹೆಸರ ಬರಿ ಅಂತೀರೇನ?"

"ಎಸ್ರು ಬ್ಯಾಡ. ಎಸ್ರು ಡೆಲ್ಲೀಲಿ ದೊಡ್ಡ ಗೋಡೆ ಮ್ಯಾಲೈತೆ. ಮೊಮ್ಮಗಳು ಪೂಜಿತಾ ಫೋನಾಗೆ ತೋರ್ಸುದ್ಲು. ಸಾವ್ರಾರು ಎಸ್ರಿನ ನಡ್ವೆ ಅವ್ರುದೊಂದು." ಅವಳು ಕಲ್ಲನ್ನು ನೋಡುತ್ತಿದ್ದಳು. "ಜಾಗ ಬೇಕು ಕಣಪ್ಪ. ಎಣ ಬರ್ಲಿಲ್ಲ. ಬೂದಿ ಬಂತು, ಅದೂ ಕೆರೇಗೆ ಬುಟ್ವಿ. ಆ ಊರ್ಗೆ ಓಗಿ ನೋಡೋಣ ಅಂದ್ರೆ ನಂಗೆ ವೀಸಾ ಕೊಟ್ಟಾರಾ? ಮುದ್ಕಿ ಒಲ ನೋಡಕ್ಕೆ ಬಂದವ್ಳೆ ಅಂತ ಬುಟ್ಟಾರಾ? ಇಂಗೊಂದು ಊರು ಐತೆ, ಅಲ್ಲಿ ಇಂಗೊಂದು ಆಯ್ತು ಅನ್ನೋದು ನಾನು ಸತ್ತೋದ್ರೆ ಯಾರಿಗ್ ಗೊತ್ತು? ನನ್ ಬಾಯಾಗ್ ಮಾತ್ರ ಉಳ್ದದೆ."

"ಅದು ಯುದ್ಧ ಅಲ್ಲ ಅಂತಾರಲ್ಲ ಅವರು."

"ಯುದ್ಧ ಮುಗುದ್ಮೇಲೂ ನೆಲಕ್ಕೆ ಗೊತ್ತಾಗಿರ್ಲಿಲ್ಲ. ನೆಲಕ್ಕೆ ಯಾರು ಏಳಿದ್ರು?"

ಹಂಪಣ್ಣ ಚಹಾ ತರಿಸಿದ. ಅವಳು ಕುಡಿದು, ಲೋಟ ತೊಳೆದಿಟ್ಟು ಹೋದಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅಳುವವರನ್ನು ಸಮಾಧಾನ ಮಾಡಿ ಕಳಿಸಿ ಮರೆತುಬಿಡಬಹುದು.

ಹಂಪಣ್ಣನ ಜೀವನವೆಲ್ಲ ಹೆಚ್ಚಾಗಿ ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಕಳೆದಿದೆ. ಎಂದೂ ಕಟ್ಟದ ಆಸ್ಪತ್ರೆ, ಎಂದೂ ಹರಿಯದ ಚರಂಡಿ, ಮೂರು ಸಲ ಶಂಕುಸ್ಥಾಪನೆಯಾಗಿ ಒಂದು ಸಲವೂ ಮೇಲೇಳದ ಸಮುದಾಯ ಭವನ, ಎಲ್ಲದಕ್ಕೂ ಕಲ್ಲು ಅವನದೇ. ಅಮೃತ ಹಸ್ತ, ಘನ ಉಪಸ್ಥಿತಿ, ಅಧ್ಯಕ್ಷತೆ, ಗೌರವಾನ್ವಿತ ಎಂದು ಅವನ ಉಳಿ ತಾನಾಗಿಯೇ ಬರೆದುಕೊಂಡು ಹೋಗುತ್ತದೆ. ಈ ವೃತ್ತಿಯಲ್ಲಿ ಅವನು ಕಲಿತದ್ದು ಒಂದೇ ಪಾಠ. ಕಲ್ಲು ಪರೀಕ್ಷಿಸಲು ಬಂದವನು ತನ್ನ ಹೆಸರನ್ನಲ್ಲದೆ ಬೇರೆ ಅಕ್ಷರ ಓದುವುದಿಲ್ಲ. ಒಮ್ಮೆ ಕೆ.ಆರ್. ಪುರದ ಶೌಚಾಲಯವೊಂದರ ಕಲ್ಲಿನಲ್ಲಿ ಅವನು ಕಣ್ತಪ್ಪಿ 'ಗ್ರಂಥಾಲಯ' ಎಂದು ಬರೆದಿದ್ದ. ಆರು ಜನ ಗಣ್ಯರು ಬಂದು ನೋಡಿ ಸಹಿ ಹಾಕಿದ್ದರು. ಇವತ್ತಿಗೂ ಅದು ಗ್ರಂಥಾಲಯವೇ.

ಹತ್ತು ದಿನ ಬಿಟ್ಟು ಸಂಘದವರನ್ನು ಕರೆಸಿದ. ಬಿಳಿ ಅಕ್ಷರಗಳು ಕರಿಕಲ್ಲಿನ ಮೇಲೆ ಎದ್ದು ಕಾಣುತ್ತಿದ್ದವು. ಬದ್ಗಾಮ್, ಝೋಜಿ ಲಾ, ಅಸಲ್ ಉತ್ತರ್, ಡೋಗ್ರಾಯ್, ಹಿಲ್ಲಿ, ಲೋಂಗೆವಾಲಾ, ಬಸಂತರ್. ಬಸಂತರ್ ಕೆಳಗೆ, ತೋಲೋಲಿಂಗ್ ಮೇಲೆ, ಅದೇ ಅಳತೆಯಲ್ಲಿ, ಅದೇ ಅಂತರದಲ್ಲಿ: ಚಕ್ ಬೇರಿ, ೧೯೭೨.

ಮುನಿರಾಜಪ್ಪ ನೇರವಾಗಿ ಕಲ್ಲಿನ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಏನ್ರೀ ಹಂಪಣ್ಣ, ಖಜಾಂಚಿ ಹೆಸ್ರೂ ನನ್ನ ಹೆಸ್ರೂ ಒಂದೇ ಸೈಜಿದೆಯಲ್ರೀ?"

"ಒಂದು ನೂಲು ನಿಮ್ಮದು ದೊಡ್ಡದೈತ್ರಿ."

"ಕಣ್ಣಿಗೆ ಕಾಣ್ಬೇಕಲ್ವೇನ್ರೀ? ಎರಡು ನೂಲು ಮಾಡಿ. ಮತ್ತೆ ಬಿ.ಕಾಂ. ಎಲ್ಲಿ?"

ನಂದಿತಾ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು. ಐದು ನಿಮಿಷದಲ್ಲಿ ನಲವತ್ತೊಂದು ಹೆಬ್ಬೆರಳು ಎದ್ದವು, ಹದಿನೇಳು ಧ್ವಜ ಹಾರಿದವು. ಆಕ್ಷೇಪ ಬಂದದ್ದು ಒಂದೇ. ಜಂಟಿ ಕಾರ್ಯದರ್ಶಿ ತಮ್ಮ ಇನಿಷಿಯಲ್ ಎಸ್ ಅಲ್ಲ, ಎಚ್.ಎಸ್. ಎಂದು ಮೂರು ಸಲ ಬರೆದಿದ್ದರು.

ಮೆಹರುನ್ನೀಸಾ ಮೇಡಂ ಮಾತ್ರ ಮೇಲಿನಿಂದ ಶುರುಮಾಡಿದರು, ಉತ್ತರಪತ್ರಿಕೆ ತಿದ್ದಿದ ಅಭ್ಯಾಸ. ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಎಂಟನೆಯ ಸಾಲಿನಲ್ಲಿ ಬೆರಳು ನಿಂತಿತು. ಹಂಪಣ್ಣ ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ ತೆಗೆದ, ಮತ್ತೆ ಅದ್ದಿದ.

"ಏನಾದ್ರೂ ತಪ್ಪಿದೆಯಾ ಮೇಡಂ?" ಎಂದರು ಮುನಿರಾಜಪ್ಪ, ಬುಡದಿಂದ ತಲೆಯೆತ್ತದೆ.

"ಇಲ್ಲ ಸಾಬ್," ಎಂದರು ಮೇಡಂ. "ಇಸವಿ ಪ್ರಕಾರ ಎಲ್ಲಾ ಸರಿಯಾದ ಜಾಗದಲ್ಲೇ ಇದೆ." ಮೊದಲ ಸಹಿ ಅವರದೇ ಬಿತ್ತು.

ಜನವರಿ ಇಪ್ಪತ್ತಾರರ ಬೆಳಿಗ್ಗೆ ಪಾರ್ಕಿನ ತುಂಬ ಮೂರು ಬಣ್ಣದ ಬಲೂನು. ಮುಖ್ಯ ಅತಿಥಿ ವಾರ್ಡಿನ ಆಕಾಂಕ್ಷಿ. ಚುನಾವಣೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲದಿದ್ದರೂ ಆಕಾಂಕ್ಷಿ ಮಾತ್ರ ಐದು ವರ್ಷದಿಂದ ಫ್ಲೆಕ್ಸಿನಲ್ಲಿ ಕೈಮುಗಿದುಕೊಂಡೇ ಇದ್ದರು. ಮುನಿಲಕ್ಷ್ಮಮ್ಮ ಸೊಸೆ ಆಂಜನಮ್ಮನ ಜೊತೆ ಬಂದಳು, ಗಿಣಿಹಸಿರು ಸೀರೆ, ಕೆಂಪು ಅಂಚು. ನಂದಿತಾ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು, ಫೋಟೋದವನಿಗೆ "ಬ್ಲ್ಯಾಕ್ ಅಂಡ್ ವೈಟ್ ಮಾಡ್ಬಿಡಿ" ಎಂದಳು.

ದೀಪ ಹೊತ್ತಿತು. ಪರದೆ ಸರಿಯಿತು. ಕದನಗಳ ಹೆಸರನ್ನು ಗಟ್ಟಿಯಾಗಿ ಓದಬೇಕೆಂದು ನಂದಿತಾ ಕಾರ್ಯಕ್ರಮದಲ್ಲಿ ಬರೆದಿದ್ದಳು. ಒಂದೊಂದು ಹೆಸರಿಗೂ ಒಂದು ಡೋಲು. ಆಕಾಂಕ್ಷಿ ಮೈಕು ಹಿಡಿದು ಕಲ್ಲು ನೋಡಿ ಓದುತ್ತ ಹೋದರು. ಹಿಲ್ಲಿ, ಡೋಲು. ಲೋಂಗೆವಾಲಾ, ಡೋಲು. ಬಸಂತರ್, ಡೋಲು.

"ಚಕ್ ಬೇರಿ!"

ಡೋಲು ಬಿತ್ತು. ಮುನಿರಾಜಪ್ಪನವರ ಬಾಯಿ ತೆರೆದುಕೊಂಡಿತು. ನಂದಿತಾ ಕೈಯಲ್ಲಿದ್ದ ಹಾಳೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಅವರಿಬ್ಬರ ಮುಖ ಕಂಡು ಆಕಾಂಕ್ಷಿಗೂ ಏನೋ ಆಗಬಾರದ್ದು ಆಗಿದೆ ಎನ್ನಿಸಿತು. ಆದರೆ ರಾಜಕೀಯದಲ್ಲಿ ಗೊತ್ತಿಲ್ಲ ಎನ್ನುವ ಪದ್ಧತಿ ಇಲ್ಲ.

"ಚಕ್ ಬೇರಿ..." ಎಂದು ಕಣ್ಣು ಅರೆಮುಚ್ಚಿದರು. "ಬಂಧುಗಳೇ, ಈ ಹೆಸರು ಕೇಳಿದ್ರೆ ನನ್ನ ರಕ್ತ ಇವತ್ತಿಗೂ ಕುದಿಯುತ್ತೆ. ಒಂದು ಕಡೆ ವೈರಿಗಳ ನಲವತ್ತೇಳು ಟ್ಯಾಂಕು. ಇನ್ನೊಂದು ಕಡೆ ನಮ್ಮ ಬೆರಳೆಣಿಕೆಯ ಹುಡುಗರು. ಮೂರು ಹಗಲು, ಮೂರು ರಾತ್ರಿ..."

ಜನ ಚಪ್ಪಾಳೆ ತಟ್ಟಿದರು. ಮೂರನೆಯ ರಾತ್ರಿಯ ಹೊತ್ತಿಗೆ ಟ್ಯಾಂಕು ಅರವತ್ತಾಗಿದ್ದವು. ಮೊದಲ ಸಾಲಿನಲ್ಲಿ ಗಿಣಿಹಸಿರು ಸೀರೆ ಎದ್ದಿತು. ವೀರನಾರಿಯನ್ನು ತಡೆಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ತಡೆಯಲಿಲ್ಲ. ಅವಳು ಮೈಕು ಇಸಿದುಕೊಂಡಳು.

"ಟ್ಯಾಂಕೂ ಇರ್ಲಿಲ್ಲ, ಗೀಂಕೂ ಇರ್ಲಿಲ್ಲ ಸ್ವಾಮಿ. ಯುದ್ಧ ಮುಗುದಿತ್ತು. ಯಾರೋ ರೈತುಂದು ಗೋಧಿ ಒಲ, ಮೊಣಕಾಲುದ್ದ ಪೈರು. ನಮ್ಮೋರು ನೆಲದಾಗಿನ ಬಾಂಬು ತೆಗೀತಿದ್ರು. ಅವತ್ತು ಅದ್ಮೂರು ತೆಗುದ್ರಂತೆ. ಅದ್ನಾಲ್ಕನೇದು ಒಡೀತು. ಆಮೇಲೆ ಊರ್ನ ಅವ್ರಿಗೇ ವಾಪಸ್ ಕೊಟ್ರು. ಕೊಡೋ ಒತ್ಗೆ ಒಲ ಉಳೋ ಅಂಗಾಗಿತ್ತು. ಅಷ್ಟೇಯ."

ಮೈಕನ್ನು ಆಕಾಂಕ್ಷಿಯ ಕೈಗೇ ವಾಪಸ್ ಕೊಟ್ಟಳು.

ಡೋಲಿನವನಿಗೆ ಇದಕ್ಕೆ ಹೊಡೆಯಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಯ ಸಾಲಿನಲ್ಲಿದ್ದ ಮೆಹರುನ್ನೀಸಾ ಮೇಡಂ ಎದ್ದು ನಿಂತರು, ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನಿಂತರು. ಅವರನ್ನು ನೋಡಿ ಇನ್ನೂ ಏಳೆಂಟು ಜನ ನಿಂತರು. ಉಳಿದವರು ರಾಷ್ಟ್ರಗೀತೆ ಶುರುವಾಯಿತೆಂದುಕೊಂಡು ನಿಂತರು. ಆಕಾಂಕ್ಷಿ ಸಮಯ ನೋಡಿ "ಭಾರತ್ ಮಾತಾ ಕೀ" ಎಂದರು. ಆ ಜೈಕಾರದಲ್ಲಿ ಅರವತ್ತು ಟ್ಯಾಂಕುಗಳೂ ಸದ್ದಿಲ್ಲದೆ ಹಿಂದೆ ಸರಿದವು.

ಜನ ತಿಂಡಿಯ ಮೇಜಿನ ಕಡೆ ನುಗ್ಗಿದ ಮೇಲೆ ಮುನಿರಾಜಪ್ಪ ಹಂಪಣ್ಣನನ್ನು ಕಲ್ಲಿನ ಹಿಂದಕ್ಕೆ ಎಳೆದುಕೊಂಡು ಹೋದರು.

"ಏನ್ರೀ ಇದು? ಯಾರನ್ನ ಕೇಳಿ ಬರೆದ್ರಿ?"

"ನೀವು ನೋಡಿ ಸಹಿ ಹಾಕೀರಲ್ರಿ ಸರ. ಐದು ಸಹಿ ಅದಾವು."

"ಸೋಮವಾರ ಬಂದು ಆ ಲೈನ್ ತೆಗ್ದಾಕಿ."

"ಒಂದ ಸಾಲು ತೆಗಿಯಾಕ ಬರಂಗಿಲ್ರಿ. ಕಲ್ಲಿನ್ಯಾಗ ಗುಂಡಿ ಬೀಳತೈತಿ. ತೆಗೀಬೇಕಂದ್ರ ಪೂರಾ ಮುಖಾನ ಅರ್ಧ ಇಂಚು ಉಜ್ಜಬೇಕು. ಆಗ ಎಲ್ಲಾ ಅಕ್ಷರ ಹೊಕ್ಕಾವು."

"ಎಲ್ಲಾ ಅಂದ್ರೆ?"

"ನಿಮ್ಮ ಹೆಸರೂ ಹೊಕ್ಕೈತ್ರಿ. ಬಿ.ಕಾಂ. ಸಮೇತ."

ಮುನಿರಾಜಪ್ಪ ಕಲ್ಲಿನ ಮುಂದಕ್ಕೆ ಬಂದು ನೋಡಿದರು. ಎರಡು ನೂಲು ದೊಡ್ಡದಾದ ಅವರ ಹೆಸರು ಬಿಸಿಲಿಗೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಖಜಾಂಚಿಯದು ಅಷ್ಟು ಹೊಳೆಯುತ್ತಿರಲಿಲ್ಲ.

"ಹಂಗಾದ್ರೆ... ಇರ್ಲಿ ಬಿಡಿ," ಎಂದರು. ಬಿ.ಕಾಂ. ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ, "ವಿಶೇಷ ಪ್ರಕರಣ ಅಂತ ಪರಿಗಣಿಸೋಣ," ಎಂದು ತಿಂಡಿಯ ಕಡೆ ನಡೆದರು.

ಆಂಜನಮ್ಮ ಅತ್ತೆಗೆಂದು ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಹಾಕಿಸಿಕೊಂಡು ಬಂದಳು. ಮುನಿಲಕ್ಷ್ಮಮ್ಮ ತಾನು ತಿನ್ನುವ ಮುಂಚೆ ಎರಡೂ ಒಂದೊಂದು ತುತ್ತು ತೆಗೆದು, ಬಾಳೆಲೆಯ ಚೂರಿನ ಮೇಲೆ ಕಲ್ಲಿನ ಬುಡದಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಕಾಂಪೌಂಡಿನ ಆಚೆಯ ಹೊಂಗೆ ಮರದಿಂದ ಕಾಗೆಯೊಂದು ಇಳಿದು ಬಂತು. ಕಲ್ಲಿನ ನೆತ್ತಿಯ ಮೇಲೆ ಕೂತು ಆ ಕಡೆ ಈ ಕಡೆ ನೋಡಿತು. ಕೆಳಗಿಳಿದು ಉಪ್ಪಿಟ್ಟನ್ನು ಮೂಸಿಯೂ ನೋಡದೆ, ಕೇಸರಿಬಾತಿನಲ್ಲಿದ್ದ ಒಂದೇ ಒಂದು ಗೋಡಂಬಿಯನ್ನು ಆರಿಸಿಕೊಂಡು ಹಾರಿಹೋಯಿತು.